ಗೌಹರ್ ಜಾನ್ ಪ್ಲೇಟು: ಯಾವ ಕಾಲದ್ದು, ಯಾವ ವೇಗದಲ್ಲಿ ಹಾಕಬೇಕು?

ತಿರುಗುಮಣೆ:
ಮೈಸೂರಿನ ಹಳೇ ಸಾಮಾನಿನಂಗಡಿಯಲ್ಲಿ ಸಿಕ್ಕ 10 ಇಂಚಿನ ಪ್ಲೇಟು, ಹಾಡಿದವರು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್. ಒಂದೇ ಮಗ್ಗುಲಲ್ಲಿ ಹಾಡು, ಲೇಬಲ್ಲಿನಲ್ಲಿ ರೆಕ್ಕೆಯ ದೇವತೆ, ಸಂಖ್ಯೆ 13ರಿಂದ ಶುರು. ನಿಮಿಷಕ್ಕೆ 78 ಸುತ್ತಿನಲ್ಲಿ ಹಾಕಿದರೆ ಧ್ವನಿ ಕೀಚಲು. ಎಲ್‌ಪಿ ಮುಳ್ಳಿನಲ್ಲೇ ಡಿಜಿಟಲ್ ಮಾಡಬಹುದಾ? ಆಕೆ ಮೈಸೂರು ಆಸ್ಥಾನದಲ್ಲಿದ್ದಾಗ ಹಾಡಿದ್ದಿರಬಹುದೇ?

ಲೇಬಲ್ ಶೋಧಕ:
ಆಸ್ಥಾನದ್ದಲ್ಲ. ನಾಲ್ವಡಿಯವರ ಆಸ್ಥಾನಕ್ಕೆ ಆಕೆ ಬಂದದ್ದು 1928ರಲ್ಲಿ, ಮೈಸೂರಿನಲ್ಲೇ ತೀರಿಕೊಂಡದ್ದು 1930ರ ಜನವರಿ 17ರಂದು. ನಿಮ್ಮ ಪ್ಲೇಟು ಅದಕ್ಕಿಂತ ಬಹಳ ಹಿಂದಿನದು. ಕಂಪನಿಯ ಹೆಸರನ್ನು ಪೂರ್ತಿ ಓದಿ: ‘ಗ್ರಾಮಫೋನ್ ಅಂಡ್ ಟೈಪ್‌ರೈಟರ್’ ಅಂತಿದ್ದರೆ 1907ರೊಳಗಿನ ಲೇಬಲ್, ಬರೀ ‘ಗ್ರಾಮಫೋನ್ ಕಂಪನಿ’ ಇದ್ದರೆ ಅದರ ನಂತರದ್ದು. ನಾಯಿಯ ಚಿತ್ರ ಇನ್ನೂ ಆಮೇಲಿನದು. 13 ಅನ್ನುವುದು ವರ್ಷವಲ್ಲ, ಈ ಕಡೆಯ ಪ್ಲೇಟುಗಳಲ್ಲಿ ಹೆಣ್ಣು ಧ್ವನಿಯ ಸಾಲು; ಗಂಡಸರದ್ದು 12.

ಕೊನೆಯಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಕೇಳಿಸುತ್ತದೆಯೇ ನೋಡಿ. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬರುವ ತನಕ ಇಲ್ಲಿನ ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿದ್ದವು. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಲಿ ಅಂತ ಈ ಘೋಷಣೆ.

ಅಂದಹಾಗೆ, ಮಾರುವವರು ‘ರೆಕಾರ್ಡಾದ ಮೊದಲ ಭಾರತೀಯ ಧ್ವನಿ’ ಎಂದು ಬೆಲೆ ಏರಿಸುತ್ತಾರೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ರೆಕಾರ್ಡಿಂಗ್ ತಜ್ಞ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಆಕೆಗಿಂತ ಮೊದಲು ಶಶಿಮುಖಿ, ಫಣಿಬಾಲಾ ಎಂಬ ರಂಗಭೂಮಿಯ ಹುಡುಗಿಯರ ಹಾಡು ಹಿಡಿದಿದ್ದ.

ಶೆಲ್ಲಾಕ್:
ವೇಗಕ್ಕೆ ಬರುತ್ತೇನೆ. ಆಗ 78 ಇನ್ನೂ ಕಟ್ಟುನಿಟ್ಟಾಗಿರಲಿಲ್ಲ. ಸುಮಾರು 73.6ರಲ್ಲಿ ಹಿಡಿದದ್ದನ್ನು 78ರಲ್ಲಿ ಹಾಕಿದರೆ ಶ್ರುತಿ ಅರ್ಧ ಸ್ವರ ಏರುತ್ತದೆ, ತಾನಗಳೂ ಓಡುತ್ತವೆ. ಪಕ್ಕವಾದ್ಯದಲ್ಲಿ ಹಾರ್ಮೋನಿಯಂ ಇದ್ದರೆ ಅದರ ಷಡ್ಜ ಯಾವುದಾದರೊಂದು ಮನೆಗೆ (ಹಾರ್ಮೋನಿಯಂ ಕೀಲಿಯ ಸ್ವರಕ್ಕೆ) ಕೂರುವಂತೆ ವೇಗ ಇಳಿಸಿ. ಆದರೆ ಅರ್ಧ ಸ್ವರ ಆಚೀಚೆ ಹೋದರೂ ಅದು ಇನ್ನೊಂದು ಮನೆಗೆ ಕೂತುಬಿಡುತ್ತದೆ, ಆ ಕಾಲದ ಹಾರ್ಮೋನಿಯಂಗಳ ಶ್ರುತಿಯೂ ಒಂದೇ ಇರಲಿಲ್ಲ. ಹಾಗಾಗಿ ಕೊನೆಯ ತೀರ್ಪು ಆ ಘೋಷಣೆಯದು: ಮಾತಾಡುವ ದನಿ ಮಗುವಿನಂತೆ ಕೇಳಿಸಬಾರದು.

ಎಲ್‌ಪಿ ಮುಳ್ಳು ಬೇಡ. ಅದರ ತುದಿ ಸುಮಾರು 18 ಮೈಕ್ರಾನ್, ಗೀರಿನ ತಳದಲ್ಲಿ ಕೂತು ಕಸದ ಸದ್ದನ್ನೇ ಎತ್ತುತ್ತದೆ. 78ರ ಮುಳ್ಳು 75 ಮೈಕ್ರಾನ್ ಆಸುಪಾಸು. ಎಡ-ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ, ಗೊರಗೊರ ಗಣನೀಯವಾಗಿ ತಗ್ಗುತ್ತದೆ. ಪ್ರೀಆಂಪ್‌ನ ಆರ್‌ಐಎಎ (ಎಲ್‌ಪಿಗೆಂದು ಮಂದ್ರ ಏರಿಸಿ ತಾರ ಇಳಿಸುವ ಹೊಂದಾಣಿಕೆ) ತಪ್ಪಿಸಿ. ಮೈಕ್ ಇಲ್ಲದ ಕಾಲದಲ್ಲಿ ಧ್ವನಿ ಹಿಡಿಯುವ ಕೊಂಬಿನ ಮುಂದೆ ಹಾಡಿದ ಪ್ಲೇಟಿಗೆ ಅದು ಸಲ್ಲದು, ತಾರಸ್ಥಾಯಿ ಮಂಕಾಗುತ್ತದೆ. ಒರೆಸಲು ಸ್ಪಿರಿಟ್ ಮುಟ್ಟಿಸಲೇಬೇಡಿ, ಪ್ಲೇಟಿನಲ್ಲಿರುವ ಅರಗು ಕರಗುತ್ತದೆ. ಡಿಸ್ಟಿಲ್ಡ್ ವಾಟರ್, ಮೆದು ಬ್ರಷ್ ಸಾಕು, ಲೇಬಲ್ ನೆನೆಯದಿರಲಿ.

ತಿರುಗುಮಣೆ:
ಇನ್ನೊಂದು ಯಂತ್ರದಲ್ಲಿ 33, 45 ಮಾತ್ರ ಇದೆ. ಅದರಲ್ಲಿ ಆಗುತ್ತಾ? ತಬಲಾದ ಎಡವೇ (ಮಂದ್ರ ನಾದದ ಡಗ್ಗಾ) ಕೇಳಿಸುತ್ತಿಲ್ಲವಲ್ಲ?

ಶೆಲ್ಲಾಕ್:
ಆಗುತ್ತೆ, ಮುಳ್ಳು ಮಾತ್ರ 78ರದ್ದೇ ಇರಲಿ. 45ರಲ್ಲಿ ಹಿಡಿದು, ಧ್ವನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ವೇಗವನ್ನು 1.733ರಿಂದ ಗುಣಿಸಿದರೆ 78. 74 ಬೇಕಿದ್ದರೆ 1.644. ‘ಟೆಂಪೋ’ ಒತ್ತಬೇಡಿ, ಶ್ರುತಿ ಅಲ್ಲೇ ಉಳಿಯುತ್ತದೆ, ‘ಸ್ಪೀಡ್’ ಬೇಕು. ಎಡ ಕೇಳದಿರುವುದು ಪ್ಲೇಟಿನ ದೋಷವಲ್ಲ. ಕೊಂಬಿಗೆ ಮಂದ್ರ ಹಿಡಿಯುವ ಶಕ್ತಿ ಇರಲಿಲ್ಲ, ಈಕ್ವಲೈಸರ್‌ನಲ್ಲಿ ಬೇಸ್ ಎಷ್ಟು ಏರಿಸಿದರೂ ಮೋಟಾರಿನ ಗುಡುಗೇ ಬರುವುದು.