ಸೈಕಲ್ಲಿನ ತೀರ್ಥಯಾತ್ರೆ

"ರಾಜ ಸೈಕಲಲ್ಲಿ ತಲಕಾವೇರಿಗೆ ಹೋಗಿ ಬಂದನಂತೆ" ಅಂತ ಅಂದುಚ್ಚ ಚಾ ಎತ್ತಿ ಹೊಯ್ಯುತ್ತಾ ಹೇಳಿದ್ದೇ ತಡ, ಮಾಸ್ಟ್ರು ಪೇಪರ್ ಮಡಚಿ ಪಕ್ಕಕ್ಕಿಟ್ರು. ಮಾಸ್ಟ್ರು ಪೇಪರ್ ಮಡಚಿಟ್ರು ಅಂದ್ರೆ ಯಾರದ್ದೋ ಗ್ರಹಚಾರ ಅಂತ ಕಾಸರಗೋಡಿನ ನಮ್ಮ ಬದಿಯಡ್ಕದಲ್ಲಿ ಎಲ್ರಿಗೂ ಗೊತ್ತು.

ಅಷ್ಟರಲ್ಲಿ ರಾಜನೇ ಬಂದ. ಮೈಗೆ ಅಂಟಿದ ಕಪ್ಪು ಚಡ್ಡಿ, ಕಾಲು ಎರಡೂ ಒಂದನ್ನೊಂದು ಕಂಡ್ರೆ ಆಗದ ದಾಯಾದಿಗಳ ಹಾಗೆ ಅಷ್ಟಷ್ಟು ದೂರ. ಸೈಕಲನ್ನು ಗೋಡೆಗೆ ಒರಗಿಸಿ, ಬೆಂಚಿನ ತುದಿಯಲ್ಲಿ ಬೆಂಕಿ ಮೇಲೆ ಕೂತ ಹಾಗೆ ಕೂತ.

"ಹಿಂದೆ ಎಂತದು ಮಾರಾಯ ಉಬ್ಬಿದ್ದು, ತಲೆದಿಂಬಾ?" ಅಂತ ಭಟ್ರು.

"ಪ್ಯಾಡ್ ಭಟ್ರೇ. ಸೀಟು ಸಪೂರ ಅಲ್ವಾ, ಕುತ್ತಬಾರ್ದು ಅಂತ."

"ಅಲ್ಲ ರಾಜ, ದಿಂಬನ್ನು ಸೀಟಿಗೆ ಕಟ್ಟಿದ್ರೆ ಮುಗೀತಿತ್ತಲ್ಲ, ನಿನಗ್ಯಾಕೆ ಕಟ್ಟಿಕೊಂಡದ್ದು?" ಅಂತ ನಾನು ಕೇಳಿದೆ. ಅವನು ಉತ್ತರ ಕೊಡ್ಲಿಲ್ಲ. ಲಕ್ಷ ಚಿಲ್ಲರೆ ಕೊಟ್ಟು ಸೈಕಲ್ ತಗೊಂಡವರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುದಿಲ್ಲ, ನೀರು ಕುಡೀತಾರೆ.

ಕಥೆ ಹೀಗೆ. ಮೊದಲ ದಿನ ಮುಳ್ಳೇರಿಯ, ಕುತ್ತಿಕ್ಕೋಲು, ಬಂದಡ್ಕ ಎಲ್ಲ ದಾಟಿ ಪಾಣತ್ತೂರಲ್ಲಿ ನೆಂಟ್ರ ಮನೆಯಲ್ಲಿ ಮಲಗಿದ್ದು, ಅಲ್ಲಿವರೆಗೆ ತೊಂದ್ರೆ ಇಲ್ಲ, ಏರು ಇಳಿತ ಉಂಟು ಆದ್ರೂ ಡಾಮರು ಉಂಟು. ಎರಡನೇ ದಿನ ಪಾಣತ್ತೂರಿಂದ ಗಡಿ ದಾಟಿ ಕೊಡಗಿನ ಕರಿಕೆ, ಅಲ್ಲಿಂದ ಕಾಡಿನೊಳಗೆ ಭಾಗಮಂಡಲ. ಆ ರಸ್ತೆ ನೋಡಿದವರಿಗೆ ಹೇಳ್ಬೇಕಾಗಿಲ್ಲ. ಒಂದು ಕಡೆ ಧರೆ, ಒಂದು ಕಡೆ ಹೊಂಡ, ನಡುವಲ್ಲಿ ಆನೆ ಲದ್ದಿ. ಅದೂ ತುಲಾ ಸಂಕ್ರಮಣಕ್ಕೆ ಜನ ಸೇರುವ ಮೊದಲೇ ಹೋಗಿ ಬರುವಾ ಅಂತ ಹೊರಟದ್ದು, ಅಂದ್ರೆ ಮಳೆ ಪೂರ್ತಿ ಬಿಟ್ಟಿಲ್ಲ, ರಕ್ತ ಹೀರುವ ಉಂಬುಳ ಇನ್ನೂ ರಜೆಗೆ ಹೋಗಿಲ್ಲ. ಎಲೆ ತುದಿಯಲ್ಲಿ ನಿಂತು ಕೈಬೀಸಿ ಕರೀತಾ ಇದ್ವಂತೆ.

"ಏರು ಎಷ್ಟಿತ್ತು ಅಂದ್ರೆ ಮಾವ, ಎದುರು ಮೂವತ್ನಾಲ್ಕು ಹಲ್ಲು, ಹಿಂದೆ ಮೂವತ್ನಾಲ್ಕು ಹಲ್ಲು, ಅದಕ್ಕಿಂತ ಹಗುರದ ಗೇರು ನನ್ನ ಸೈಕಲಲ್ಲಿ ಇಲ್ಲ, ಆದ್ರೂ ಆಗ್ಲಿಲ್ಲ."

ಮಾಸ್ಟ್ರಿಗೆ ಲೆಕ್ಕ ಸಿಕ್ಕಿದ್ರೆ ಬಿಡುದುಂಟಾ. "ಅಂದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದೇ ಸುತ್ತು. ನಿನ್ನ ಚಕ್ರದ ಸುತ್ತಳತೆ ಎರಡು ಮೀಟರ್ ಚಿಲ್ಲರೆ. ನಿಮಿಷಕ್ಕೆ ನಲವತ್ತು ಸಲ ತುಳಿದ್ರೆ ಎಂಬತ್ತನಾಲ್ಕು ಮೀಟರ್, ಗಂಟೆಗೆ ಐದು ಕಿಲೋಮೀಟರ್. ಅಲ್ಲ ಮಾರಾಯ, ನಾನು ಹಾಲಿನ ಸೊಸೈಟಿಗೆ ಹೋಗುದು ಅದೇ ಸ್ಪೀಡಲ್ಲಿ, ಈ ಚಪ್ಪಲಿಯಲ್ಲಿ."

"ಹಾಗಾಗಿ ಮತ್ತೆ ಸ್ವಲ್ಪ... ದೂಡಿದೆ" ಅಂದ ರಾಜ.

"ಸ್ವಲ್ಪ ಅಂದ್ರೆ?"

"ಏಳೆಂಟು ಕಿಲೋಮೀಟರ್."

ಅಂಗಡಿಯಲ್ಲಿ ಒಂದು ಕ್ಷಣ ಯಾರೂ ಮಾತಾಡ್ಲಿಲ್ಲ. ನನಗೆ ತಡೀಲಿಕ್ಕೆ ಆಗ್ಲಿಲ್ಲ. "ಹಾಗಾದ್ರೆ ಅಂದುಚ್ಚ ಸುದ್ದಿಯನ್ನು ತಿರುಗಿಸಿ ಹೇಳಿದ್ದು. ನೀನು ಸೈಕಲಲ್ಲಿ ತಲಕಾವೇರಿಗೆ ಹೋದದ್ದಲ್ಲ. ಸೈಕಲ್ಲು ತಲಕಾವೇರಿಗೆ ಹೋದದ್ದು, ಪಾಪ ಅದಕ್ಕೆ ದಾರಿ ಗೊತ್ತಿಲ್ಲ ಅಂತ ನೀನು ಜೊತೆಗೆ ಹೋದದ್ದು."

ಭಟ್ರು ನಗುವಾಗ ಗೋಳಿಬಜೆ ಗಂಟಲಲ್ಲಿ ಸಿಕ್ಕಿ ಬೆನ್ನಿಗೆ ಗುದ್ದಬೇಕಾಯ್ತು.

ರಾಜನಿಗೆ ಕೋಪ ಬಂತು. "ನಿಮಗೆ ಗೊತ್ತುಂಟಾ, 1910ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಲ್ಲಿ ಒಕ್ಟಾವ್ ಲಪೀಸ್ ಅಂತ ಒಬ್ಬ, ಪಿರನೀಸ್ ಬೆಟ್ಟದಲ್ಲಿ ಸೈಕಲ್ ದೂಡಿಕೊಂಡೇ ಹತ್ತಿದ. ಅಲ್ಲಿದ್ದ ಆಯೋಜಕರಿಗೆ ನೀವು ಕೊಲೆಗಡುಕರು ಅಂತ ಬೈದ. ಆದ್ರೂ ಆ ವರ್ಷ ಗೆದ್ದದ್ದು ಅವನೇ."

"ಅವನಿಗೆ ಗೇರು ಇತ್ತಾ?"

"ಈಗಿನ ಹಾಗೆ ಇರ್ಲಿಲ್ಲ. ಗೇರು ಬದಲಿಸುವ ಡಿರೇಲರ್‌ಗೆ ಅಲ್ಲಿ ಪರ್ಮಿಶನ್ ಸಿಕ್ಕಿದ್ದೇ 1937ರಲ್ಲಿ."

"ನೋಡು. ಅವನಿಗೆ ಗೇರು ಇಲ್ಲ, ಅದಕ್ಕೆ ದೂಡಿದ. ನಿನಗೆ ಇಪ್ಪತ್ತು ಗೇರು ಉಂಟು, ಇಪ್ಪತ್ತನ್ನೂ ಸೇರಿಸಿ ದೂಡಿದೆ. ಮತ್ತೆ ಅವನಿಗೆ ಬೈಲಿಕ್ಕೆ ಆಯೋಜಕರಾದ್ರೂ ಇದ್ರು. ನಿನ್ನ ಟೂರಿಗೆ ಆಯೋಜಕ ಯಾರು?"

"ನಾನೇ."

"ಹಾಂ. ಬೈದ್ಯಾ?"

"ತುಂಬಾ" ಅಂದ ರಾಜ, ಸಣ್ಣ ಸ್ವರದಲ್ಲಿ. ಹುಡುಗ ಒಳ್ಳೆಯವ.

ಮತ್ತೆ ಪಂಕ್ಚರಿನ ಕಥೆ ಬಂತು. ಜಲ್ಲಿ ಹರಡಿದ ಜಾಗದಲ್ಲಿ ಒಂದು ಕಲ್ಲು ಟಯರಿನ ಪಕ್ಕವನ್ನೇ ಸೀಳಿ, ಟ್ಯೂಬಿಲ್ಲದ ಟಯರು, ಅದರೊಳಗೆ ತುಂಬಿಸಿದ್ದ ಬಿಳಿ ದ್ರವ ಪಿಚಕಾರಿ ಹಾಗೆ ಇವನ ಕನ್ನಡಕಕ್ಕೆ ಹಾರಿದ್ದು. ಸಣ್ಣ ತೂತಾದ್ರೆ ಅದು ಅಲ್ಲೇ ಗಟ್ಟಿಯಾಗಿ ಮುಚ್ಚಿಬಿಡ್ತದಂತೆ, ದೊಡ್ಡ ಸೀಳಿಗೆ ಆಗುದಿಲ್ಲವಂತೆ. ಉಳಿದದ್ದು ಚೀಲದಲ್ಲಿ ಬಾಟ್ಲಿಯಲ್ಲಿತ್ತು. ಅಂದುಚ್ಚ ಮುಚ್ಚಳ ತೆಗೆದು ಮೂಸಿ ನೋಡಿದ. ಅಂದುಚ್ಚನಿಗೆ ಮುನ್ನೂರು ರಬ್ಬರ್ ಮರ ಉಂಟು.

"ಇದು ನಮ್ಮ ರಬ್ಬರ್ ಹಾಲಲ್ವಾ! ಅಮೋನಿಯ ಹಾಕಿದ ವಾಸನೆ ಬರ್ತದೆ. ಎಷ್ಟು ಕೊಟ್ಟೆ ಇದಕ್ಕೆ?"

ರಾಜ ಕ್ರಯ ಹೇಳಿದ. ಅಂದುಚ್ಚ ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲ ಮೇಜಿನ ಮೇಲಿಟ್ಟ. ಆಮೇಲೆ ತುಂಬ ಹೊತ್ತು ಏನೂ ಮಾತಾಡ್ಲಿಲ್ಲ, ಲೆಕ್ಕ ಹಾಕ್ತಾ ಇದ್ದ ಅಂತ ಕಾಣ್ತದೆ.

"ಮತ್ತೆ ಮೇಲೆ ಹೇಗೆ ಮುಟ್ಟಿದ್ದು?" ಭಟ್ರು ಬಿಡ್ಲಿಲ್ಲ.

ಇಲ್ಲಿ ರಾಜ ಮುಖ ಕೆಂಪು ಮಾಡಿಕೊಂಡ. ಹಿಂದಿನಿಂದ ಭಾಗಮಂಡಲಕ್ಕೆ ಕೋಳಿ ಒಯ್ಯುವ ಪಿಕಪ್ ಒಂದು ಬಂತಂತೆ. ಡ್ರೈವರ್ ಪಕ್ಕ ಇಬ್ರು ಇದ್ರು, ಜಾಗ ಇಲ್ಲ. ಸೈಕಲ್ ಕೋಳಿಗೂಡಿನ ಮೇಲೆ, ರಾಜ ಗೂಡುಗಳ ಎಡೆಯಲ್ಲಿ. ಕಿಸೆಯಲ್ಲಿ ಮೊಬೈಲು, ಮೊಬೈಲಲ್ಲಿ ಸೈಕಲ್ ಬಿಟ್ಟದ್ದನ್ನೆಲ್ಲ ಬರೆದಿಡುವ ಆ ಆಪು, ಅದನ್ನು ನಿಲ್ಲಿಸ್ಲಿಕ್ಕೆ ಇವನಿಗೆ ನೆನಪಾಗ್ಲಿಲ್ಲ. ಆಪಿಗೆ ದೂಡಿದ್ದೂ ಒಂದೇ, ತುಳಿದದ್ದೂ ಒಂದೇ, ಕೋಳಿ ಜೊತೆ ಕೂತದ್ದೂ ಒಂದೇ. ರಾತ್ರಿ ನೋಡುವಾಗ ಆ ಏರನ್ನು ಎಲ್ಲರಿಗಿಂತ ಬೇಗ ಹತ್ತಿದವ ಇವನೇ ಅಂತ ಹೆಸರಿನ ಪಕ್ಕ ಒಂದು ಕಿರೀಟ. ಕಿಂಗ್ ಆಫ್ ದ ಮೌಂಟೇನ್ ಅಂತೆ.

"ಅಳಿಸಿದೆಯಾ?"

"ಇವತ್ತು ಅಳಿಸ್ತೇನೆ ಮಾಸ್ಟ್ರೇ. ಬೆಂಗ್ಳೂರಿಂದ ಮೂವತ್ತೆರಡು ಜನ ಶಹಬ್ಬಾಸ್ ಕೊಟ್ಟಿದ್ದಾರೆ, ಹೇಗೆ ಅಳಿಸುದು ಅಂತ..."

"ಹೆಸರು ರಾಜ, ಪದವಿ ಗುಡ್ಡದ ರಾಜ, ಪ್ರಜೆಗಳು ಕೋಳಿಗಳು" ಅಂದೆ ನಾನು.

ಈ ನಗುವೆಲ್ಲ ಇಳಿದ ಮೇಲೆ ಮಾಸ್ಟ್ರು ಕೇಳಿದ್ರು, "ಅಲ್ಲ, ನಿನ್ನ ಅಪ್ಪನೂ ಸೈಕಲ್ ದೂಡ್ತಾ ಇದ್ದದ್ದಲ್ವಾ?"

ನನ್ನ ಅಪ್ಪ. ಹೌದು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಶುರುವಾದದ್ದು 1973ರಲ್ಲಿ, ಅದಾಗಿ ನಾಲ್ಕೈದು ವರ್ಷ ಕಳೆದಿರ್ಬೇಕು, ನಾನು ಎರಡನೇ ಕ್ಲಾಸು. ಅಪ್ಪನದ್ದು ಅಟ್ಲಾಸು. ಕ್ಯಾರಿಯರಲ್ಲಿ ಅರುವತ್ತು ಕಿಲೋ ಅಡಿಕೆಯ ಗೋಣಿ, ಎಡಗೈ ಹ್ಯಾಂಡಲಲ್ಲಿ, ಬಲಗೈ ಸೀಟಿನಲ್ಲಿ, ನಾನು ಹಿಂದಿನಿಂದ ಕ್ಯಾರಿಯರಿನ ಕಬ್ಬಿಣ ಹಿಡಿದು ದೂಡುದು. ಮುರಕಲ್ಲಿನ ಗುಡ್ಡದ ದಾರಿ. ಪೇಟೆಗೆ ಹೋಗುವಾಗ ಏರು, ಭಾರಕ್ಕೆ ದೂಡುದು. ಬರುವಾಗ ಇಳಿಜಾರು, ಬ್ರೇಕ್ ಕಟ್ಟೆ ಸವೆದದ್ದಕ್ಕೆ ದೂಡುದು. ಅಪ್ಪ ಸೈಕಲ್ ಮೇಲೆ ಕೂತದ್ದು ಅಂತ ಇದ್ರೆ ಗದ್ದೆ ಬದಿಯ ಅರ್ಧ ಫರ್ಲಾಂಗು ಸಮತಟ್ಟಲ್ಲಿ ಮಾತ್ರ. ಅಲ್ಲಿ ನನ್ನನ್ನೂ ಎದುರಿನ ದಂಡದ ಮೇಲೆ ಕೂರಿಸಿಕೊಂಡು ಬೆಲ್ ಹೊಡೀತಾ ತುಳೀತಿದ್ರು, ಎದುರಿಗೆ ಒಂದು ನರಪಿಳ್ಳೆ ಇಲ್ಲದಿದ್ರೂ. ಗಡ್ಡ ನನ್ನ ನೆತ್ತಿಗೆ ತಾಗುದು. ಆ ಗದ್ದೆ ಈಗ ನಮ್ಮದೇ ಅಡಿಕೆ ತೋಟ.

"ಆ ಅಟ್ಲಾಸ್ ಈಗ ಎಲ್ಲುಂಟು?" ಕೇಳಿದ ರಾಜ.

"ಅಟ್ಟದಲ್ಲಿ. ಕಂಪೆನಿಯವರ ಸಾಹಿಬಾಬಾದ್ ಫ್ಯಾಕ್ಟರಿಗೂ ಬಾಗಿಲು ಹಾಕಿ ಆಯ್ತು, 2020ರ ಜೂನ್ 3ಕ್ಕೆ. ವಿಶ್ವ ಸೈಕಲ್ ದಿನ ಅವತ್ತು, ಬೇರೆ ದಿನ ಸಿಗ್ಲಿಲ್ಲ."

"ಮಾವ, ನನ್ನದರಲ್ಲಿ ಒಂದು ರೌಂಡ್ ಹೋಗಿ ನೋಡಿ."

ಎದ್ದೆ. ಎರಡು ಬೆರಳಲ್ಲಿ ಎತ್ತಬಹುದು, ಒಂಬತ್ತು ಕಿಲೋ ಅಂತೆ. ಹತ್ತಬೇಕು ಅಂತಲೇ ಹೋದದ್ದು, ಆದ್ರೆ ಕೈ ತನ್ನಷ್ಟಕ್ಕೇ ಎಡದ್ದು ಹ್ಯಾಂಡಲಿಗೆ, ಬಲದ್ದು ಸೀಟಿಗೆ ಹೋಯ್ತು. ಅಂಗಡಿ ಎದುರಿನ ಏರಲ್ಲಿ ನಾಲ್ಕು ಹೆಜ್ಜೆ ದೂಡಿ ನಿಂತೆ.

"ಇದಕ್ಕೆ ಕ್ಯಾರಿಯರೇ ಇಲ್ವಲ್ಲ ರಾಜ. ಹಿಂದಿನಿಂದ ದೂಡುವವನು ಎಲ್ಲಿ ಹಿಡಿಯುದು?"

ರಾಜ ಕಾಲು ಅಗಲಿಸಿಕೊಂಡು ಬಂದು, ಸೀಟಿನ ಹಿಂದೆ ಬಗ್ಗಿ ಜಾಗ ಹುಡುಕ್ಲಿಕ್ಕೆ ಶುರು ಮಾಡಿದ.