ಫಿಟ್ ಇಮೇಜಿನಲ್ಲಿ ಓವರ್‌ಲೇ ಸೇರಿಸಿದರೆ ಬೂಟ್ ನಿಲ್ಲುತ್ತಿದೆ

ಪ್ರಶ್ನೆ:
ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನ ಐ2ಸಿ ಬಸ್ಸಿಗೆ (ಚಿಪ್‌ಗಳನ್ನು ಜೋಡಿಸುವ ಸಂಪರ್ಕ) ತಾಪಮಾನದ ಸೆನ್ಸರ್ ಜೋಡಿಸಿ, ಅದರ ಓವರ್‌ಲೇಯನ್ನು (ಮೂಲ ಡಿವೈಸ್ ಟ್ರೀಗೆ ಬದಲಾವಣೆ ಸೇರಿಸುವ ಕಡತ) ಕರ್ನಲ್ ಮತ್ತು ಮೂಲ ಡಿವೈಸ್ ಟ್ರೀಯೊಂದಿಗೆ (ಬೋರ್ಡಿನ ಹಾರ್ಡ್‌ವೇರ್ ವಿವರಣೆ) ಒಂದೇ ಫಿಟ್ ಇಮೇಜಿನಲ್ಲಿ, ಅಂದರೆ ಬೂಟ್‌ಗೆ ಬೇಕಾದುದೆಲ್ಲ ಇರುವ ಒಂದೇ ಕಡತದಲ್ಲಿ, ಸೇರಿಸಿದ್ದೇನೆ. ಕರ್ನಲ್ ಲೋಡ್ ಮಾಡುವ ಯು-ಬೂಟ್ ಪ್ರೋಗ್ರಾಂ ಓವರ್‌ಲೇಯನ್ನು ಅನ್ವಯಿಸುವಾಗ ‘ನಾಟ್ ಫೌಂಡ್’ ದೋಷ ತೋರಿಸಿ ನಿಲ್ಲುತ್ತದೆ. ಓವರ್‌ಲೇ ತೆಗೆದರೆ ಬೂಟ್ ಸರಿಯಾಗಿ ಆಗುತ್ತದೆ. ತಪ್ಪು ಎಲ್ಲಿರಬಹುದು?

ಉತ್ತರ 1:
ಬಹುಶಃ ತಪ್ಪು ಓವರ್‌ಲೇಯಲ್ಲಿಲ್ಲ, ಮೂಲ ಟ್ರೀಯಲ್ಲಿದೆ. ಓವರ್‌ಲೇ ‘ಐ2ಸಿ2’ ಎಂಬಂಥ ಲೇಬಲ್ ಹಿಡಿದು ನೋಡ್ (ಟ್ರೀಯಲ್ಲಿ ಒಂದು ಸಾಧನದ ನಮೂದು) ಹುಡುಕುತ್ತದೆ. ಆದರೆ ಡಿವೈಸ್ ಟ್ರೀಯ ಕಂಪೈಲರ್ ಆದ ಡಿಟಿಸಿಗೆ -@ ಆಯ್ಕೆಯನ್ನು ಕೊಡದಿದ್ದರೆ ಲೇಬಲ್‌ಗಳ ಪಟ್ಟಿಯಾದ ಸಿಂಬಲ್ಸ್ ನೋಡ್ ಮೂಲ ಟ್ರೀಯಲ್ಲಿ ಉಳಿಯುವುದೇ ಇಲ್ಲ. ಡಿಟಿಸಿಯಿಂದಲೇ ಮೂಲ ಟ್ರೀಯ ಕಡತವನ್ನು ಮರಳಿ ಓದುವ ರೂಪಕ್ಕೆ ತಂದು ಪರೀಕ್ಷಿಸಿ. ಓವರ್‌ಲೇಯನ್ನು ಮಾತ್ರ -@ ಹಾಕಿ ಕಂಪೈಲ್ ಮಾಡಿ ದಿನಗಟ್ಟಲೆ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಉತ್ತರ 2:
ಮೇಲಿನ ಮಾತು ಸರಿ. ಜೊತೆಗೆ, ಫಿಟ್ ಇಮೇಜಿನ ಕಾನ್ಫಿಗರೇಶನ್‌ನಲ್ಲಿ ಡಿವೈಸ್ ಟ್ರೀಗಳನ್ನು ಹೆಸರಿಸುವ ಎಫ್‌ಡಿಟಿ ಸಾಲಿನಲ್ಲಿ ಮೂಲ ಟ್ರೀಯ ಹೆಸರು ಮೊದಲು, ಓವರ್‌ಲೇಯ ಹೆಸರು ನಂತರ ಬರಬೇಕು. ಇಮೇಜ್ ಕಟ್ಟುವ ಮೊದಲು ಯು-ಬೂಟ್ ಪ್ರಾಂಪ್ಟಿನಲ್ಲಿ ‘ಎಫ್‌ಡಿಟಿ ರೀಸೈಜ್’ನಿಂದ ಜಾಗ ಹಿಗ್ಗಿಸಿ, ‘ಎಫ್‌ಡಿಟಿ ಅಪ್ಲೈ’ ಮೂಲಕ ಓವರ್‌ಲೇ ಅನ್ವಯಿಸಲು ಪ್ರಯತ್ನಿಸುವುದು ಲೇಸು. ಒಮ್ಮೆ ವಿಫಲವಾದರೆ ಮೆಮೊರಿಯಲ್ಲಿರುವ ಮೂಲ ಟ್ರೀಯೂ ಕೆಡುವುದರಿಂದ, ಎರಡನ್ನೂ ಮತ್ತೆ ಲೋಡ್ ಮಾಡಿಯೇ ಮುಂದಿನ ಪ್ರಯತ್ನ ಮಾಡಬೇಕು.

ಪ್ರಶ್ನೆ ಕೇಳಿದವರು:
ಸಿಂಬಲ್ಸ್ ನೋಡ್ ನಿಜಕ್ಕೂ ಇರಲಿಲ್ಲ. ಕರ್ನಲ್ ಮೇಕ್‌ಫೈಲಿನಲ್ಲಿ (ಕಂಪೈಲ್ ಮಾಡುವ ಸೂಚನೆಗಳ ಕಡತ) ಈ ಬೋರ್ಡಿನ ಡಿಟಿಸಿ ಫ್ಲ್ಯಾಗ್ಸ್‌ಗೆ (ಆಯ್ಕೆಗಳಿಗೆ) -@ ಸೇರಿಸಿ ಇಮೇಜನ್ನು ಮತ್ತೆ ಕಟ್ಟಿದ ಮೇಲೆ ಬೋರ್ಡ್ ಬೂಟ್ ಆಗಿ, ಸೆನ್ಸರ್ ಕಾಣಿಸಿಕೊಂಡಿದೆ. ಇಬ್ಬರಿಗೂ ಧನ್ಯವಾದಗಳು.