ಸಹಾಯ ಬೇಕು: ಡೊಮೇನ್ ಕಂಟ್ರೋಲರ್ ಬದಲಿಸುವಾಗ ಹಳೆಯ ಡಿಎನ್ಎಸ್ ವಿಳಾಸ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಎಲ್ಲರ ಲಾಗಿನ್ ನಿಭಾಯಿಸುವ ಎರಡು ಡೊಮೇನ್ ಕಂಟ್ರೋಲರ್‌ಗಳಿವೆ, ಎರಡೂ ವಿಂಡೋಸ್ ಸರ್ವರ್ 2012 ಆರ್2. ಅದರ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ, ಇನ್ನು ಮುಂದೂಡುವಂತಿಲ್ಲ. ವಿಂಡೋಸ್ ಸರ್ವರ್ 2022 ಇರುವ ಹೊಸ ಸರ್ವರ್‌ಗಳನ್ನು ಬೇರೆ ಐಪಿ ಕೊಟ್ಟು ಸೇರಿಸಿದ್ದೇನೆ, ರೆಪ್ಲಿಕೇಶನ್ (ಸರ್ವರ್‌ಗಳ ನಡುವೆ ಮಾಹಿತಿ ನಕಲಾಗುವುದು) ಸರಿಯಾಗಿದೆ.

ತಲೆನೋವು ಡಿಎನ್ಎಸ್‌ನದು, ಅಂದರೆ ಹೆಸರಿಗೆ ತಕ್ಕ ಐಪಿ ವಿಳಾಸ ಹುಡುಕಿಕೊಡುವ ಸೇವೆಯದು; ಅದೂ ಈ ಸರ್ವರ್‌ಗಳಲ್ಲೇ ಇದೆ. ಡಿಎಚ್‌ಸಿಪಿಯಿಂದ (ತಾನಾಗಿಯೇ ಐಪಿ ಹಂಚುವ ಸೇವೆ) ವಿಳಾಸ ಪಡೆಯುವ ಕಂಪ್ಯೂಟರ್‌ಗಳ ಚಿಂತೆಯಿಲ್ಲ, 006ನೇ ಆಪ್ಷನ್ (ಡಿಎನ್ಎಸ್ ಸರ್ವರ್‌ಗಳ ವಿಳಾಸ) ಬದಲಿಸಿದರೆ ಲೀಸ್ (ವಿಳಾಸ ಕೊಟ್ಟ ಅವಧಿ) ನವೀಕರಣವಾದಾಗ ಅವೇ ಸರಿಹೋಗುತ್ತವೆ. ಆದರೆ ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಫೈರ್‌ವಾಲ್, ಲಿನಕ್ಸ್ ಸರ್ವರ್‌ಗಳಲ್ಲಿ ಹಿಂದಿನವರು ಹಳೆಯ ವಿಳಾಸಗಳನ್ನು ಕೈಯಾರೆ ಹಾಕಿಟ್ಟಿದ್ದಾರೆ. ಎಲ್ಲೆಲ್ಲಿ ಅಂತ ಬರೆದಿಟ್ಟಿಲ್ಲ. ಒಂದೇ ಒಂದು ತಪ್ಪಿಹೋದರೂ ಯಾರದೋ ಕೆಲಸ ನಿಲ್ಲುತ್ತದೆ, ಅದೇ ಭಯ.

ನನ್ನ ಯೋಚನೆ: ಹಳೆಯದನ್ನು ಡಿಮೋಟ್ ಮಾಡಿ (ಡೊಮೇನ್ ಕಂಟ್ರೋಲರ್ ಪಾತ್ರ ತೆಗೆದು), ನೆಟ್‌ವರ್ಕ್‌ನಿಂದ ತೆಗೆದು, ಅದರ ಐಪಿಯನ್ನೇ ಹೊಸದಕ್ಕೆ ಕೊಡುವುದು. ಆಮೇಲೆ ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿ ಅದು ನೋಂದಾಯಿಸುವ ಎಸ್ಆರ್‌ವಿ ದಾಖಲೆಗಳನ್ನು (ಡೊಮೇನ್ ಕಂಟ್ರೋಲರ್ ಎಲ್ಲಿದೆ ಎಂದು ತಿಳಿಸುವ ಡಿಎನ್ಎಸ್ ನಮೂದುಗಳು) ಪರೀಕ್ಷಿಸುವುದು. ಒಂದೊಂದಾಗಿ, ನಡುವೆ ಕೆಲವು ದಿನ ಬಿಟ್ಟು.

ಇದನ್ನು ಮಾಡಿದವರು ದಯವಿಟ್ಟು ಹೇಳಿ. ಐಪಿ ಬದಲಿಸುವುದು ಮೇಲೋ, ಹಳೆಯ ಐಪಿಯನ್ನು ಹೊಸ ಸರ್ವರ್‌ಗೆ ಎರಡನೇ ವಿಳಾಸವಾಗಿ ಸೇರಿಸುವುದು ಮೇಲೋ? ಎರಡೂ ವಿಳಾಸ ಡಿಎನ್ಎಸ್‌ನಲ್ಲಿ ನೋಂದಣಿಯಾಗಿ ಗೊಂದಲವಾದೀತು ಅನ್ನಿಸುತ್ತಿದೆ. ಹಳೆಯ ಸರ್ವರ್‌ನಲ್ಲಿ ಡಿಎನ್ಎಸ್ ಡಿಬಗ್ ಲಾಗ್ ನಿನ್ನೆಯಿಂದ ಆನ್ ಮಾಡಿದ್ದೇನೆ. ಯಾವ ಸಾಧನ ಇನ್ನೂ ಅದನ್ನೇ ಕೇಳುತ್ತಿದೆ ಎಂದು ತಿಳಿಯಲು ಎಷ್ಟು ದಿನದ ಲಾಗ್ ಸಾಕು?